ರಟ್ಟಿನ ಮರೆ

19 ಮಾರ್ಚ್ 2024, ಮಂಗಳವಾರ

ನಲ್ಲಿಯಲ್ಲಿ ನೀರು ಬಂದದ್ದು ಅರ್ಧ ಗಂಟೆ. ಸಂಪು ತುಂಬಲಿಲ್ಲ. ಎರಡು ಪತ್ರಿಕೆ ಓದಿ ಮುಗಿಸಿದೆ, ಎರಡರಲ್ಲೂ ಹೇಮಾವತಿ ನೀರಿನದೇ ಸುದ್ದಿ. ಚುನಾವಣೆ ಘೋಷಣೆಯಾಗಿ ವಾರವಾಗಿಲ್ಲ, ಆಗಲೇ ಕಾಲುವೆ ತುಂಬ ಮಾತು ಹರಿಯುತ್ತಿದೆ. ಎಂಬತ್ತೊಂಬತ್ತರಲ್ಲಿ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಹೆಡ್‌ಫೋನ್ ಹಾಕಿಕೊಂಡು ಕೂತಿದ್ದಾಗಲೂ ಕಿಟಕಿಯಾಚೆ ಇದೇ ಭಾಷಣ. ಮೈಕು ಬದಲಾಗಿದೆ, ಗಂಟಲು ಬದಲಾಗಿದೆ. ವಾಕ್ಯ ಅದೇ. ಪತ್ರಿಕೆಗೆ ಒಂದು ಪತ್ರ ಬರೆದು ಪೋಸ್ಟ್ ಮಾಡಿದೆ.

ಮಧ್ಯಾಹ್ನ ಯಶಸ್ವಿನಿ ಬಂದಳು. ನಮ್ಮ ಬೀದಿಯ ಅಂಗನವಾಡಿ ಟೀಚರ್. ಮತದಾರರ ಪಟ್ಟಿಯ ಕೆಲಸವೂ ಅವಳ ತಲೆಗೇ. ಎಂಬತ್ತೈದು ದಾಟಿದವರು ಮನೆಯಲ್ಲೇ ಮತ ಹಾಕಬಹುದಂತೆ. ಅತ್ತೆಗೆ ಎಂಬತ್ತೆಂಟು.

"ಸಿದ್ದಗಂಗಮ್ಮಜ್ಜೀ, ಈ ಸಲ ನೀವ್ ಬರೋದೇ ಬೇಡ. ಓಟೇ ನಿಮ್ಮನೇಗ್ ಬರುತ್ತೆ!"

"ನಾನು ಶಾಲೇಗೇ ಬರ್ತೀನಿ ಕಣವ್ವ."

"ಹೋದ ವರ್ಷ ಏನಾಯ್ತು, ಮರೆತ್ರಾ?" ಎಂದೆ ನಾನು. ಹೋದ ವರ್ಷ ಅಸೆಂಬ್ಲಿ ಚುನಾವಣೆಯಲ್ಲೂ ಮನೆಗೆ ಬರುತ್ತೇವೆ ಎಂದಿದ್ದರು. ಅತ್ತೆ ಬೇಡ ಎಂದು ಹಟ ಹಿಡಿದು ಶಾಲೆಗೇ ಹೋದರು. ಸಾಲಿನಲ್ಲಿ ತಲೆ ತಿರುಗಿ, ಯಾರೋ ಕುರ್ಚಿ ತಂದು, ಯಾರೋ ನೀರು ತಂದು... ನನ್ನ ಜೀವ ಬಾಯಿಗೆ ಬಂದಿತ್ತು.

ಅತ್ತೆ ಅರ್ಜಿಗೆ ಕೈ ಚಾಚಿದರು. "ಸರಿ ಬುಡು. ನೀನ್ ಹೇಳ್ದಂಗೆ." ಅರ್ಜಿಗೆ ಸಹಿ ಹಾಕಿದರು. ಕನ್ನಡಕ ಏರಿಸಿ, ಒಂದೊಂದೇ ಅಕ್ಷರ.

ಸರ್ಕಾರ ಒಬ್ಬ ಮುದುಕಿಯ ಬಾಗಿಲಿಗೆ ಪೆಟ್ಟಿಗೆ ಹೊತ್ತು ಬರುತ್ತದೆ. ಇಷ್ಟು ವರ್ಷ ಬೈದ ಬಾಯಲ್ಲಿ ಇವತ್ತು ಹೊಗಳಿದೆ. ಈ ತಾರೀಖನ್ನು ಗುರುತು ಹಾಕಿಕೊಂಡಿರಬೇಕು.

22 ಮಾರ್ಚ್

ಪತ್ರ ಪ್ರಕಟವಾಗಿದೆ. ಕೊನೆಯ ಪ್ಯಾರಾ ಕತ್ತರಿಸಿದ್ದಾರೆ. ಜೀವ ಇದ್ದದ್ದೇ ಅದರಲ್ಲಿ.

31 ಮಾರ್ಚ್, ಭಾನುವಾರ

ಮೈದುನ ಬಸವಪ್ರಭು ಗುಬ್ಬಿ ಹತ್ತಿರದ ಕಡಬದಿಂದ ಬಂದ. ಕಾರಿನ ಡಿಕ್ಕಿಯಲ್ಲಿ ಒಂದು ಚೀಲ ತೆಂಗಿನಕಾಯಿ, ಎರಡು ಚೀಲ ಪಾಂಪ್ಲೆಟ್. ಪಾಂಪ್ಲೆಟ್ ಮೇಲೆ ಹೆಲಿಕಾಪ್ಟರ್ ಚಿತ್ರ. ಬಿದರೆಹಳ್ಳ ಕಾವಲ್ ಹೆಲಿಕಾಪ್ಟರ್ ಫ್ಯಾಕ್ಟರಿಯನ್ನು ಎಲ್ಲ ಪಕ್ಷದವರೂ ತಾವೇ ತಂದದ್ದು ಎನ್ನುತ್ತಾರೆ. ಮುಂದಿನ ಚುನಾವಣೆಗೆ ಕಡಬದ ಕೆರೆಯನ್ನೂ ತಾವೇ ತೋಡಿಸಿದ್ದು ಎಂದಾರು.

ಇವರದು, ನನ್ನ ಗಂಡನದು, ಬೇರೆ ಪಕ್ಷ. ಅಣ್ಣ ತಮ್ಮ ಇಬ್ಬರೂ ಊಟಕ್ಕೆ ಕೂತರೆ ಅನ್ನಕ್ಕಿಂತ ಮೊದಲು ಅದೇ ಕಲಸುವುದು.

"ಅಣ್ಣ, ನೀನ್ ಯಾರಿಗಾದ್ರೂ ಹಾಕ್ಕೊ. ಅವ್ವನ ಓಟು ಮಾತ್ರ ನಮ್ಗೇ. ಗುಬ್ಬೀಲಿ ಎಲ್ರ ಮುಂದೆ ಹೇಳ್ಬಿಟ್ಟಿದೀನಿ."

"ಅವ್ವ ಇರೋದು ನನ್ ಮನೇಲಿ ಕಣೋ."

"ಇದ್ರೆ? ಹೆತ್ತಿರೋದು ಇಬ್ರನ್ನೂ ತಾನೇ?"

ಅತ್ತೆ ಚಾಪೆಯ ಮೇಲೆ ಕೂತು ಹುಣಸೆಹಣ್ಣಿನ ಬೀಜ ಬಿಡಿಸುತ್ತಿದ್ದರು. "ಏನವ್ವ, ನಮ್ಗೇ ತಾನೇ?" ಎಂದ ಬಸವಪ್ರಭು. "ಹೂಂ ಕಣಪ್ಪ" ಎಂದರು. ಅವನು ಕೈ ತೊಳೆಯಲು ಎದ್ದಾಗ ಇವರು ಬಗ್ಗಿ, "ಅವ್ವ, ಅವ್ನ್ ಮಾತ್ ಬುಡು. ಗೊತ್ತಲ್ಲ ಯಾರಿಗೆ ಅಂತ?" "ಹೂಂ ಕಣಪ್ಪ."

ನನಗೆ ತಡೆಯಲಾಗಲಿಲ್ಲ. ಇಬ್ಬರ ಪಕ್ಷಗಳೂ ಎಂಬತ್ತರ ದಶಕದಿಂದ ಏನೇನು ಹೇಳಿ ಏನೇನು ಮಾಡಲಿಲ್ಲ ಎಂಬುದನ್ನು ಇಸವಿ ಸಮೇತ ಬಿಡಿಸಿ ಹೇಳಿದೆ. ಅತ್ತೆಗೆ ಬೇರೆಯೇ ಒಂದು ಹೆಸರನ್ನೂ ಸೂಚಿಸಿದೆ.

ಬಸವಪ್ರಭು ನಕ್ಕ. "ಅತ್ತಿಗೆ, ಪೇಪರ್ ಓದಿ ಓದಿ ನಿಮ್ಗೆ ಯಾರ್ ಕಂಡ್ರೂ ಬೈಯೋದೇ ಆಯ್ತು. ಯಾರಿಗಾದ್ರೂ ಒತ್ಲೇಬೇಕಲ್ಲ?"

"ಒತ್ತೀನಿ. ಬೈಕೊಂಡೇ ಒತ್ತೀನಿ."

ಅತ್ತೆ ನನ್ನ ಮಾತಿಗೂ "ಹೂಂ" ಎಂದರು. ಅರ್ಥವಾಗಿದೆ ಎಂದು ಖುಷಿಯಾಯಿತು.

9 ಏಪ್ರಿಲ್, ಯುಗಾದಿ

ಒಬ್ಬಟ್ಟಿಗೆ ಹೂರಣ ಸ್ವಲ್ಪ ನೀರಾಯಿತು. ಇವರು ಅಂಗಡಿ ತೆಗೆಯಲಿಲ್ಲ, ಉಂಡು ಮಲಗಿದರು. ನಾನು ಅತ್ತೆ ವರಾಂಡದಲ್ಲಿ. ಗಾಳಿ ಇಲ್ಲ.

"ಮಂಗಳ, ಮನೇಗ್ ಬರ್ತಾರಲ್ಲ ಅವ್ರು... ಆ ಮರೆ ತರ್ತಾರಾ?"

"ಯಾವ ಮರೆ ಅತ್ತೆ?"

"ಅದೇ ಕಣೆ, ರಟ್ಟಿಂದು. ಶಾಲೇಲಿ ಮೇಜಿನ ಮೇಲೆ ಇಟ್ಟಿರ್ತಾರಲ್ಲ."

"ತರ್ತಾರೆ. ಊಟದ ಮೇಜಿನ ಮೇಲೆ ಇಟ್ರಾಯ್ತು."

"ಆವಾಗ ನೀವೆಲ್ಲ ಎಲ್ಲಿರ್ತೀರ?"

ಎಲ್ಲಿರುತ್ತೇವೆ? ಇಲ್ಲೇ. ನಮ್ಮ ಮನೆಯಲ್ಲವೇ.

ಆಮೇಲೆ ಅವರಾಗೇ ಹೇಳಿದರು. ಐವತ್ತೇಳರ ಚುನಾವಣೆ, ಅವರ ಮೊದಲ ಓಟು. ಹೇಳಿದ್ದನ್ನು ಹಾಗೇ ಬರೆದಿಡುತ್ತೇನೆ.

"ಕಡಬದ ಚಾವಡೀಲಿ ಪೆಟ್ಟಿಗೆ ಇಟ್ಟಿದ್ರು. ಒಂದೊಂದ್ರ ಮೇಲೂ ಒಂದೊಂದು ಚಿತ್ರ. ಅಡ್ಡಕ್ಕೆ ಗೋಣಿತಾಟು ಇಳಿಬಿಟ್ಟಿದ್ರು. ನಮ್ಮಾವನೋರು ಹಿಂದಿನ ದಿನ್ವೇ ಚಿತ್ರ ತೋರ್ಸಿ, ಈ ಪೆಟ್ಟಿಗೇಗೇ ಹಾಕ್ಬೇಕು ಅಂದಿದ್ರು. ಒಳೀಕ್ ಹೋದ್ನಾ... ಯಾರೂ ಇಲ್ಲ ಕಣೆ! ಮದ್ವೆಯಾಗಿ ಬಂದ್ಮೇಲೆ ಅದೇ ಮೊದಲ್ನೇ ಸಲ ನಾನೊಬ್ಳೇ ನಿಂತಿದ್ದು. ಬಾವೀಗ್ ಹೋದ್ರೆ ನಾದಿನಿ, ಬಯಲಿಗ್ ಹೋದ್ರೆ ಓರಗಿತ್ತಿ, ರಾತ್ರಿಯಾದ್ರೆ ಅವ್ರು. ಅಲ್ಲಿ ಯಾರೂ ಇಲ್ಲ. ಸುಮ್ನೆ ನಿಂತ್ಕಂಡ್ಬುಟ್ಟೆ. ಹೊರಗಿಂದ ಕೂಗಿದ್ರು, 'ಆಯ್ತೇನಮ್ಮೋ, ಅಲ್ಲೇ ಒಲೆ ಹೂಡ್ಕಂಡ್ಯಾ?' ಅಂತ."

ಬಾಯಿಗೆ ಸೆರಗು ಹಿಡಿದುಕೊಂಡು ನಕ್ಕರು. ಅವತ್ತಿನ ನಗು ಇನ್ನೂ ಮುಗಿದಿಲ್ಲ ಎನ್ನುವ ಹಾಗೆ.

"ಆಮೇಲಿಂದ ಪ್ರತೀ ಸಲಾನೂ ಅಷ್ಟೇ. ಒಂದ್ ಗಳಿಗೆ. ಅಷ್ಟು ಸಾಕಾಗ್ತಿತ್ತು ನಂಗೆ."

"ಅವತ್ತು ನಿಮ್ಮ ಮಾವನೋರು ಹೇಳಿದ ಪೆಟ್ಟಿಗೆಗೇ ಹಾಕಿದ್ರಾ?"

"ಅವ್ರೂ ಕೇಳಿದ್ರು. ಹೂಂ ಅಂದೆ."

"ಅಂದ್ರೆ ಹಾಕಿದ್ರಾ, ಇಲ್ವಾ?"

"ಆ ಬೇವಿನ ಸೊಪ್ಪು ಒಳಗಿಡು. ಬಾಡೋಗುತ್ತೆ."

ಮತದಾನದ ಗೋಪ್ಯತೆ ಎಂದು ನಾನು ಎಷ್ಟು ಪತ್ರ ಬರೆದಿದ್ದೇನೆ. ಗೂಂಡಾಗಳಿಂದ, ಗುತ್ತಿಗೆದಾರರಿಂದ, ಪುಢಾರಿಗಳಿಂದ ಎಂದೆಲ್ಲ ಬರೆದೆ. ಗಂಡನಿಂದ, ಮಗನಿಂದ, ಸೊಸೆಯಿಂದ ಎಂದು ಒಂದರಲ್ಲೂ ಬರೆಯಲಿಲ್ಲ.

ಅತ್ತೆಯನ್ನು ಶಾಲೆಗೇ ಕರೆದುಕೊಂಡು ಹೋಗಬೇಕು. ಛತ್ರಿ, ಮಜ್ಜಿಗೆ, ಆಟೋ... ಏನಾದರೂ ಸರಿ.

10 ಏಪ್ರಿಲ್

ಯಶಸ್ವಿನಿಗೆ ಫೋನ್ ಮಾಡಿದರೆ, "ಆಂಟಿ, ಅದು ನನ್ ಕೈ ದಾಟಿ ಹೋಯ್ತು" ಎಂದಳು. ಚುನಾವಣಾ ಶಾಖೆಗೆ ಹೋದೆ. ಅಲ್ಲಿನವರು ನಾಗಭೂಷಣ್ ಎಂದು. ಕೂರಲು ಹೇಳಿದರು, ಕಂಪ್ಯೂಟರಿನಲ್ಲಿ ನೋಡಿದರು.

"ಮೇಡಂ, ಪಟ್ಟಿ ಹೋಗ್ಬಿಟ್ಟಿದೆ. ಅಜ್ಜಿ ಹೆಸರಿಗೆ ಅಂಚೆ ಮತ ಅಂತ ಗುರುತು ಬಿದ್ದಿದೆ. ಬೂತಲ್ಲಿ ಕೊಡಲ್ಲ."

"ಬದುಕಿದಾರೆ, ಓಡಾಡ್ತಾರೆ, ಬರ್ತೀನಿ ಅಂತಾರೆ. ಕೊಡಲ್ಲ ಅಂದ್ರೇನ್ರೀ?"

"ಇಲ್ಲೂ ಹಾಕಿ ಅಲ್ಲೂ ಹಾಕಿದ್ರೆ, ಮೇಡಂ?"

ಪ್ರಶ್ನೆ ಸರಿಯಾಗಿತ್ತು. ಅದಕ್ಕೇ ಇನ್ನಷ್ಟು ಸಿಟ್ಟು ಬಂತು. ಹೊರಗೆ ಬಂದು ಕಬ್ಬಿನ ಹಾಲು ಕುಡಿದು ಬಸ್ ಹತ್ತಿದೆ.

ಇವರು, "ಮನೇಲೇ ಹಾಕೋದ್ರಲ್ಲಿ ಏನೇ ಕಷ್ಟ? ನಾವೇನ್ ಹೊರಗಿನೋರಾ?" ಎಂದರು.

ಅದೇ ಕಷ್ಟ ಎಂದೆ. ಅರ್ಥವಾಗಲಿಲ್ಲ ಅವರಿಗೆ. ಅತ್ತೆಗೆ ಇನ್ನೂ ಹೇಳಿಲ್ಲ. ಹೇಗೆ ಹೇಳುವುದು?

13 ಏಪ್ರಿಲ್, ಶನಿವಾರ

ಬಂದರು. ಇವತ್ತೇ. ಬೆಳಗಿನ ಹೊತ್ತು ಎಂದಷ್ಟೇ ಫೋನ್ ಬಂದಿತ್ತು.

ಮತಗಟ್ಟೆಯ ಅಧಿಕಾರಿ ಒಬ್ಬ ಹೆಂಗಸು, ಜೊತೆಗೊಬ್ಬ ಗುಮಾಸ್ತ, ವಿಡಿಯೋ ತೆಗೆಯುವವನು, ಒಬ್ಬ ಕಾನ್‌ಸ್ಟೇಬಲ್. ಒಂದು ಪೆಟ್ಟಿಗೆ. ಕಂಕುಳಲ್ಲಿ ಮಡಿಸಿದ ರಟ್ಟು. ಆ ರಟ್ಟು ನೋಡಿ ಸ್ವಲ್ಪ ಸಮಾಧಾನವಾಯಿತು.

ಅತ್ತೆ ಪೂಜೆಗೆ ಕೂತಿದ್ದರು. ಎಡಗೈಯಲ್ಲಿ ಲಿಂಗ, ಕಣ್ಣು ಮುಚ್ಚಿ. ಆ ಹೊತ್ತಿನಲ್ಲಿ ಮನೆಗೆ ಬೆಂಕಿ ಬಿದ್ದರೂ ಯಾರೂ ಮಾತಾಡಿಸುವುದಿಲ್ಲ. ಯಾವಾಗಲೂ ನನ್ನ ಎರಡನೇ ಕಾಫಿ ಆಗುವಷ್ಟರಲ್ಲಿ ಎದ್ದುಬಿಡುತ್ತಾರೆ. ಇವತ್ತು ಏಳಲಿಲ್ಲ. ಎಲ್ಲರಿಗೂ ಮಜ್ಜಿಗೆ ಕೊಟ್ಟೆ. ಏಳಲಿಲ್ಲ. ಗುಮಾಸ್ತ ಗಡಿಯಾರ ನೋಡಿಕೊಂಡ. "ಮೇಡಂ, ಇನ್ನೂ ಮನೆ ಬಹಳ ಇದಾವೆ." ನಾನು ಬಾಗಿಲಲ್ಲಿ ನಿಂತು ಕೆಮ್ಮಿದೆ. ಏಳಲಿಲ್ಲ.

"ಇನ್ನೊಂದ್ ಸಲ ಬರ್ತೀವಿ. ಮಂಗಳವಾರ. ಅದೇ ಕೊನೆ" ಎಂದರು ಆ ಹೆಂಗಸು. ಸಿಟ್ಟಿಲ್ಲದೆ ಹೇಳಿದರು. ಹೋದರು.

ಗೇಟಿನ ಸದ್ದಾಯಿತು. ಅತ್ತೆ ಕಣ್ಣು ಬಿಟ್ಟರು.

"ಹೋದ್ರಾ?"

"ಹೋದ್ರು."

"ಸರಿ ಬುಡು. ಮನೇಲಿ ಸಿಗ್ಲಿಲ್ಲ ಅಂತ ಬರ್ಕಂಡಿರ್ತಾರೆ. ಇನ್ನು ಶಾಲೇಗೇ ಹೋದ್ರಾಯ್ತು."

ಇಷ್ಟು ದಿನ ಲೆಕ್ಕ ಹಾಕಿಕೊಂಡಿದ್ದಾರೆ! ಕೂತು ಎಲ್ಲವನ್ನೂ ಹೇಳಿದೆ. ಶಾಲೆಯಲ್ಲಿ ಇನ್ನು ಕೊಡುವುದಿಲ್ಲ, ಮಂಗಳವಾರ ತಪ್ಪಿದರೆ ಈ ಸಲ ಓಟೇ ಇಲ್ಲ ಎಂದು. ಅವರ ಮುಖ ನೋಡಲಾಗಲಿಲ್ಲ. ಲಿಂಗವನ್ನು ಕರಡಿಗೆಯೊಳಗಿಟ್ಟು ಕೊರಳಿಗೆ ಹಾಕಿಕೊಂಡರು.

"ಮೊದ್ಲೇ ಯಾಕೆ ಹೇಳ್ಲಿಲ್ಲ ನೀನು?" ಆಮೇಲೆ ಮೆಲ್ಲಗೆ, "ಶಿವನ್ನ ಕೈಯಲ್ಲಿಟ್ಕಂಡು ನಾಟಕ ಆಡ್ದೆ. ಅದ್ಕೇ ಹಿಂಗಾಯ್ತು."

ಮಧ್ಯಾಹ್ನ ಸರಿಯಾಗಿ ಊಟ ಮಾಡಲಿಲ್ಲ.

14 ಏಪ್ರಿಲ್

ಕುಣಿಗಲ್‌ನಿಂದ ಮಗಳು ನಂದಿತಾ ಫೋನ್. ಅವರ ಓಟು ಬೆಂಗಳೂರು ಗ್ರಾಮಾಂತರಕ್ಕೆ. ಜಿಲ್ಲೆ ನಮ್ಮದು, ಸಂಸದರು ಪಕ್ಕದ ಜಿಲ್ಲೆಯವರು. ಕುಣಿಗಲ್‌ನವರು ಯಾರ ಕೊರಳಪಟ್ಟಿ ಹಿಡಿಯಬೇಕು? ಇದನ್ನೂ ಬರೆದಾಗಿದೆ, ಎರಡು ಸಲ. ಒಂದನ್ನೂ ಹಾಕಲಿಲ್ಲ.

ನಂದಿತಾ ಗಂಡನ ತಾತನಿಗೂ ಮನೆಯಲ್ಲೇ ಮತದಾನವಾಯಿತಂತೆ. "ಅಮ್ಮಾ, ಮದ್ವೇಗೆ ಸೇರ್ದಂಗೆ ಸೇರಿದ್ರು ಎಲ್ಲಾ. ತಾತ ಪೆನ್ ಹಿಡ್ದಿದ್ದೇ ತಡ, ಮೂರು ಜನ ಮೂರು ಕಡೆಯಿಂದ ಬೆರಳು ತೋರ್ಸೋದು. ಬಂದೋರು ಗದರಿಸಿ ಎಲ್ರನ್ನೂ ಆಚೆ ಕಳ್ಸಿದ್ರು. ಅಷ್ಟರಲ್ಲಿ ತಾತ ಹಾಕಾಗಿತ್ತು. ನಮ್ಮ ಭಾವ ಅದನ್ನೇ ದೊಡ್ಡದಾಗಿ ಹೇಳ್ಕೊಂಡು ಓಡಾಡ್ತಾ ಇದಾರೆ."

ಸಂಜೆ ಬಸವಪ್ರಭು ಫೋನ್. ಇವರ ಬಾಯಲ್ಲಿ ಮಾತು ನಿಲ್ಲುವುದಿಲ್ಲ, ತಮ್ಮನಿಗೆ ಎಲ್ಲವನ್ನೂ ಹೇಳಿದ್ದಾರೆ. "ಅತ್ತಿಗೆ, ಮಂಗಳವಾರ ನಾನೇ ಬರ್ತೀನಿ. ಅವ್ವಂಗೆ ಕಣ್ಣು ಸರಿ ಕಾಣಲ್ಲ. ಜೊತೇಗೊಬ್ರು ಇರ್ಬೋದು ಅಂತ ರೂಲೇ ಇದೆ."

ಹುಡುಕಿ ಓದಿದೆ. ಇದೆ, ರೂಲು. ಕಣ್ಣು ಕಾಣದವರಿಗೆ, ಕೈಲಾಗದವರಿಗೆ. ಅತ್ತೆಗೆ ಒಂದು ಕಣ್ಣಿನ ಪೊರೆ ತೆಗೆಸಿದೆ, ಇನ್ನೊಂದು ಹಾಗೇ ಇದೆ. ಆದರೆ ಯಾರು ಬೇಕು, ಬೇಕೋ ಬೇಡವೋ ಎಂದು ಹೇಳಬೇಕಾದವರು ಅವರೇ. ಮಗನ ಎದುರಿಗೆ ಹೇಳುತ್ತಾರೆಯೇ?

ಅತ್ತೆಯನ್ನೇ ಕೇಳಿದೆ. "ಅವ್ನು ಬರ್ಲಿ ಬುಡು, ಮಗ ಅಲ್ವಾ" ಎಂದು ಗೋಡೆ ಕಡೆ ತಿರುಗಿ ಮಲಗಿದರು.

16 ಏಪ್ರಿಲ್, ಮಂಗಳವಾರ

ನಿಧಾನವಾಗಿ ಬರೆಯಬೇಕು.

ಅತ್ತೆ ಸೂರ್ಯ ಹುಟ್ಟುವ ಮೊದಲೇ ಪೂಜೆ ಮುಗಿಸಿದ್ದರು. ಇಳಕಲ್ ಸೀರೆ ಉಟ್ಟಿದ್ದರು. ನಾನು ಊಟದ ಮೇಜನ್ನು ಎಳೆದು ಅವರ ಕೋಣೆಗೆ ಹಾಕಿಸಿದೆ, ಕಿಟಕಿಗೆ ಬೆಡ್‌ಶೀಟ್ ಕಟ್ಟಿದೆ. ಬಸವಪ್ರಭು ಕಾರಿನಿಂದ ಎಳನೀರು ಇಳಿಸುತ್ತ ನೋಡಿದ.

"ಏನತ್ತಿಗೆ, ಅವ್ವನ ಕೈಲಿ ಬಾಂಬ್ ಮಾಡುಸ್ತೀರಾ ಒಳಗೆ?"

"ಹೂಂ. ನಿಮ್ಮ ಪಕ್ಷದ ಆಫೀಸಿಗೇ ಪಾರ್ಸಲ್."

ಹತ್ತೂವರೆಗೆ ಅದೇ ತಂಡ ಬಂತು. ಅಧಿಕಾರಿ ಕೋಣೆ ನೋಡಿ, ಮೇಜಿನ ಮೇಲೆ ರಟ್ಟನ್ನು ಮೂರು ಕಡೆ ನಿಲ್ಲಿಸಿದರು. ಅತ್ತೆ ಕುರ್ಚಿಯಲ್ಲಿ. ಕಾನ್‌ಸ್ಟೇಬಲ್ ಬಾಗಿಲಿಗೆ ಒರಗಿದ್ದ. ನಾವೆಲ್ಲ ಹೊಸ್ತಿಲಾಚೆ.

"ಅಜ್ಜಿ, ಗುರುತು ನೀವೇ ಹಾಕ್ತೀರಾ? ಕಣ್ಣು ಕಾಣುತ್ತಾ? ಇಲ್ಲ, ಜೊತೇಲಿ ಯಾರಾದ್ರೂ ಬೇಕಾ?"

"ಕಾಣಲ್ಲ ಮೇಡಂ" ಎಂದು ಬಸವಪ್ರಭು ಹೊಸ್ತಿಲು ದಾಟಿಯೇಬಿಟ್ಟ. "ನಾನು ಮಗ. ನಾನಿರ್ತೀನಿ."

ನನ್ನ ಬಾಯಿಗೆ ಬಂದದ್ದು ಒಳ್ಳೆಯ ಮಾತಲ್ಲ. ಅಷ್ಟರಲ್ಲಿ ಅಧಿಕಾರಿ, "ಅಜ್ಜಿ ಹೇಳ್ಲಿ ಸರ್" ಎಂದರು.

ಅತ್ತೆ ಕಾಣುತ್ತದೆ ಎಂದರೆ ನಾಲ್ಕು ಜನ ಹೊರಗಿನವರ ಮುಂದೆ ಮಗ ಸುಳ್ಳುಗಾರ. ಕಾಣುವುದಿಲ್ಲ ಎಂದರೆ ಈ ಓಟು ಹೋಯಿತು. ಮುಂದಿನದಕ್ಕೆ ಐದು ವರ್ಷ. ಎಂಬತ್ತೆಂಟಕ್ಕೆ ಐದು ಸೇರಿಸಿ ನೋಡಿದೆ, ಬೇಡವೆನಿಸಿತು. ಅತ್ತೆ ಮಗನನ್ನು ಒಂದು ಸಲ ಮೇಲಿಂದ ಕೆಳಗೆ ನೋಡಿದರು. ಪ್ರೀತಿಯಿಂದಲೇ. ಆಮೇಲೆ ಬಾಗಿಲ ಕಡೆ ತಿರುಗಿದರು.

"ಆಂಜನಪ್ಪ ಅಂತಾನಾ ನಿನ್ನೆಸ್ರು?"

ಕಾನ್‌ಸ್ಟೇಬಲ್ ಬೆಚ್ಚಿದ. ತನ್ನ ಎದೆಯ ಮೇಲಿನ ಹೆಸರಿನ ಪಟ್ಟಿಯನ್ನು ತಾನೇ ಬಗ್ಗಿ ನೋಡಿಕೊಂಡ. "ಹೂಂ ಅಜ್ಜಿ."

"ಯಾವೂರಪ್ಪ?"

"ಬೆಳ್ಳಾವಿ ಹತ್ರ."

"ಅಕ್ಷರ ಇನ್ನೊಂಚೂರು ದಪ್ಪ ಬರೆಸ್ಬೇಕಿತ್ತು ಕಣಪ್ಪ. ನನ್ನಂಥೋರ್ಗೆ ತ್ರಾಸ."

ವಿಡಿಯೋದವನು ಕಿಸಕ್ಕನೆ ನಕ್ಕ. ಅಧಿಕಾರಿ ನಗಲಿಲ್ಲ, ತುಟಿ ಬಿಗಿ ಹಿಡಿದಿದ್ದು ಕಾಣುತ್ತಿತ್ತು. "ಸರ್, ನೀವು ಹೊರಗಿರಿ."

ಬಸವಪ್ರಭು ಕಿವಿಯವರೆಗೂ ಕೆಂಪಾಗಿ, ತಾನೂ ನಕ್ಕುಬಿಟ್ಟ. "ಆ ಡಾಕ್ಟ್ರು ಆಪರೇಷನ್ ಚೆನ್ನಾಗೇ ಮಾಡವ್ನೆ ಬುಡಿ." ಒಳ್ಳೆಯವನೇ. ಅದು ನನಗೆ ಯಾವಾಗಲೂ ಮರೆತುಹೋಗುತ್ತದೆ.

ಬಾಗಿಲನ್ನು ಮುಕ್ಕಾಲು ಮುಚ್ಚಿದರು. ಅಧಿಕಾರಿ ಬೆನ್ನು ತಿರುಗಿಸಿ ನಿಂತರು. ನಾವು ಮೂವರೂ ನಡುಮನೆಯ ಸೋಫಾದಲ್ಲಿ ಸಾಲಾಗಿ, ಆಸ್ಪತ್ರೆಯಲ್ಲಿ ಕೂತ ಹಾಗೆ. ಹೊತ್ತಾಯಿತು.

"ಆಯ್ತಾ ಅಜ್ಜಿ?"

"ಇರವ್ವ."

ಇವರು ಕಾಲು ಕುಣಿಸತೊಡಗಿದರು. ಬಸವಪ್ರಭು ಗಡಿಯಾರ ನೋಡಿದ.

"ಅಜ್ಜಿ... ಆಯ್ತಾ?"

"ಆಗ್ತದೆ ಇರವ್ವ. ಓಡೋಗಲ್ಲ."

ಇರಲಿ, ಇನ್ನೂ ಇರಲಿ ಎಂದುಕೊಂಡೆ. ಗಮ್ಮಿನ ವಾಸನೆ ಬಂತು. ಲಕೋಟೆ, ಅದರ ಮೇಲೆ ಇನ್ನೊಂದು ಲಕೋಟೆ, ಪೆಟ್ಟಿಗೆಯೊಳಗೆ ಬಿದ್ದ ಸದ್ದು. ಮುಗಿಯಿತು. ಆಂಜನಪ್ಪ ಹೋಗುವಾಗ ಅತ್ತೆಯ ಕಾಲು ಮುಟ್ಟಿದ.

ಗೇಟು ಮುಚ್ಚಿದ ಕೂಡಲೇ ಬಸವಪ್ರಭು, "ಅವ್ವ, ನಮ್ಗೇ ತಾನೇ?"

"ಹೂಂ ಕಣಪ್ಪ."

ಅವನು ಎಳನೀರು ಕೊಚ್ಚಲು ಹಿತ್ತಿಲಿಗೆ ಹೋದ. ಇವರು ಹತ್ತಿರ ಬಂದು, "ಅವ್ವ?"

"ಹೂಂ ಕಣಪ್ಪ."

ಸಂಜೆ ತಲೆ ಬಾಚುವಾಗ ನಾನು ಏನೂ ಕೇಳಲಿಲ್ಲ. ಅವರಾಗೇ ಹೇಳಿದರು. "ನೀನೊಬ್ಳು ಕೇಳ್ಲಿಲ್ಲ."

"ಕೇಳಿದ್ರೆ?"

"ಹೂಂ ಅಂತಿದ್ದೆ."

17 ಏಪ್ರಿಲ್

ರಾಮನವಮಿ. ಬೀದಿಯಲ್ಲಿ ಪಾನಕ, ಕೋಸಂಬರಿ. ಅತ್ತೆ ಎರಡು ಲೋಟ ಕುಡಿದರು. ಮಧ್ಯಾಹ್ನ ಎರಡು ಸಲ ಅನ್ನ ಹಾಕಿಸಿಕೊಂಡರು.

26 ಏಪ್ರಿಲ್, ಶುಕ್ರವಾರ

ನಾವಿಬ್ಬರೂ ಏಳಕ್ಕೇ ಶಾಲೆಗೆ ಹೋದೆವು. ಆಗಲೇ ಸಾಲು. ನೆರಳಿಗೆ ಶಾಮಿಯಾನ ಹಾಕಿದ್ದರು, ಸಾಲಿನ ಅರ್ಧಕ್ಕೆ ಮಾತ್ರ. ಇದನ್ನು ಬರೆಯಬೇಕು.

ಒಳಗೆ ರಟ್ಟಿನ ಹಿಂದೆ ನಿಂತೆ. ಯಾರಿಗೆ ಎಂದು ಒಂದು ತಿಂಗಳಿಂದ ಊರಿಗೆಲ್ಲ ಸಾರಿಕೊಂಡು ಬಂದವಳು. ಬೆರಳು ಎತ್ತಿದೆ. ಒತ್ತಲಿಲ್ಲ. ಹೊರಗೆ ಏಜೆಂಟರ ಪಿಸುಮಾತು, ಯಾರದೋ ಮಗು ಅಳು... ಇಲ್ಲಿಗೆ ಅದ್ಯಾವುದೂ ಸೇರಿದ್ದಲ್ಲ. ಇಷ್ಟು ವರ್ಷ ಬಂದು ಹೋಗಿದ್ದೇನೆ, ಒಂದು ಸಲವೂ ನಿಂತಿರಲಿಲ್ಲ.

"ಆಯ್ತಾ ಮೇಡಂ?"

ಒತ್ತಿದೆ. ಬೀಪ್.

ದಾರಿಯಲ್ಲಿ ಇವರು, "ಏನೇ ಅಷ್ಟೊತ್ತು? ನಿನ್ ಭಾಷಣದವ್ರಿಗೇ ತಾನೇ?"

ಹೂಂ ಎಂದೆ.

4 ಜೂನ್, ಮಂಗಳವಾರ. ಬೆಳಿಗ್ಗೆ ಹನ್ನೊಂದು

ಎಣಿಕೆ. ಬಸವಪ್ರಭು ಬೆಳಗಿನಿಂದ ಫೋನ್ ಎತ್ತುತ್ತಿಲ್ಲ. ಇವರು ತಡೆಯಲಾರದೆ ಅಂಗಡಿಗೆ ಹೋದರು, ಅಲ್ಲಿ ನಾಲ್ಕು ಜನ ಸಿಗುತ್ತಾರೆ. ಮನೆಯಲ್ಲಿ ಇಬ್ಬರೇ. ಅತ್ತೆ ಟಿವಿ ಎದುರು ಕುರ್ಚಿ ಎಳೆಸಿಕೊಂಡು ಕೂತಿದ್ದಾರೆ, ಕನ್ನಡಕ ಒರೆಸಿ ಒರೆಸಿ ಹಾಕಿಕೊಳ್ಳುತ್ತ. ಸೌಂಡ್ ತಾವೇ ಕಡಿಮೆ ಮಾಡಿದ್ದಾರೆ. ಹೆಸರುಗಳು ಪರದೆಯ ಮೇಲೆ ಬಂದು ಬಂದು ಹೋಗುತ್ತವೆ.

ನಾನು ಒಲೆ ಹತ್ತಿರ, ಹಾಲು ಕಾಯಿಸುತ್ತಿದ್ದೆ. ಅಡುಗೆಮನೆಯಿಂದ ಟಿವಿ ನೇರ ಕಾಣುತ್ತದೆ. ಬೆನ್ನ ಹಿಂದೆ ಇದ್ದಕ್ಕಿದ್ದಂತೆ ಒಂದು ಚಪ್ಪಾಳೆ. ಒಂದೇ. ಚಿಕ್ಕ ಹುಡುಗಿ ತಟ್ಟಿದ ಹಾಗೆ. ತಿರುಗಿದ್ದರೆ ಹೆಸರು ಕಾಣುತ್ತಿತ್ತು.

"ಮಂಗಳ, ನೋಡ್ದ್ಯಾ?"

"ಇಲ್ಲ ಅತ್ತೆ, ಹಾಲು..."

"ಹಂಗೇ ಇರು. ಈಗ್ಲೇ ತಿರುಗ್ಬೇಡ."

ಹಾಲು ಅಂಚಿಗೆ ಬಂದಿತ್ತು. ಸೌಟು ಸಿಂಕಿನಲ್ಲಿ, ಬಟ್ಟೆ ನನ್ನ ಹಿಂದೆ ಮೇಜಿನ ಮೇಲೆ. ನಾನು ತಿರುಗದೆ ನಿಂತೆ, ಹಾಲು ಉಕ್ಕಿ ಒಲೆಯ ಮೇಲೆಲ್ಲ ಹರಿಯಿತು.